ಬಿರುಕಿನಲ್ಲಿ ಬೆಳ್ಳಗೆ ಕಟ್ಟಿದ್ದು ಏನು?

ಪ್ರಶ್ನೆ: ಆರ್‌ಸಿಸಿ ಮಾಳಿಗೆ ಹಾಕಿಸಿ ಒಂದು ವರ್ಷ ಆಯ್ತು. ಮಳೆಗಾಲದಲ್ಲಿ ಸಣ್ಣ ಬಿರುಕಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಈಗ ಅಲ್ಲಿ ಬೆಳ್ಳಗೆ ಏನೋ ಕಟ್ಟಿದೆ, ಸೋರುವುದೂ ನಿಂತಿದೆ. ‘ತಾನಾ ಕೂಡ್ಕೊಂತದ, ಬಿಡ್ರಿ’ ಅಂತಾರೆ ಗೌಂಡಿ. ನಿಜವೇ? ಮೇಲೆ ಇನ್ನೊಂದು ಮಹಡಿ ಕಟ್ಟಿಸಬೇಕು. ಬ್ಯಾಕ್ಟೀರಿಯಾ ಸೇರಿಸಿದ ಕಾಂಕ್ರೀಟು ಹಾಕಿಸಲೇ?
– ಓದುಗರು, ಸಿಂಧನೂರು

ಉತ್ತರ: ನಿಮ್ಮ ಗೌಂಡಿ ಹೇಳಿದ್ದು ಮುಕ್ಕಾಲು ಪಾಲು ನಿಜ. ಆ ‘ಬಿಡ್ರಿ’ ಮಾತ್ರ ನನಗೆ ಒಪ್ಪಿಗೆಯಿಲ್ಲ.

ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು. ಅದರ ಪುಡಿಯಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಸಿಲಿಕೇಟ್. ನೀರು ಸೇರಿದಾಗ ಎರಡು ವಸ್ತು ಹುಟ್ಟುತ್ತವೆ. ಒಂದು, ಉಸುಕು-ಕಡಿಯನ್ನು ಬಿಗಿಯಾಗಿ ಹಿಡಿಯುವ ಅಂಟು. ಇನ್ನೊಂದು ಸುಣ್ಣ, ಗೋಡೆಗೆ ಬಳಿಯುತ್ತೇವಲ್ಲ, ಅದೇ. ಸಿಮೆಂಟಿನ ದಪ್ಪ ಕಣಗಳ ಒಳಗೆ ನೀರು ಮುಟ್ಟದ ಭಾಗ ವರ್ಷಗಟ್ಟಲೆ ಹಾಗೇ ಉಳಿದಿರುತ್ತದೆ. ಬಿರುಕಿನಲ್ಲಿ ಮಳೆನೀರು ಇಳಿದು ಅದಕ್ಕೆ ತಾಗಿದರೆ ಮತ್ತಷ್ಟು ಅಂಟು ಹುಟ್ಟುತ್ತದೆ. ನೀರಲ್ಲಿ ಕರಗಿದ ಸುಣ್ಣ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರುತ್ತದೆ. ನಿಮ್ಮಲ್ಲಿ ಬೆಳ್ಳಗೆ ಕಟ್ಟಿರುವುದು ಇದೇ ಇರಬೇಕು. ಚೂರು ಕೆರೆದು ತಟ್ಟೆಯಲ್ಲಿ ಹಾಕಿ ನಿಂಬೆರಸ ಬಿಡಿ. ಸಣ್ಣ ಸಣ್ಣ ಗುಳ್ಳೆ ಎದ್ದರೆ ಕಾರ್ಬೊನೇಟ್. ಬರೀ ಉಪ್ಪಾಗಿದ್ದರೆ ಸುಮ್ನೆ ಕರಗುತ್ತದೆ.

ಆದರೆ ಇದು ನಡೆಯುವುದು 0.1–0.2 ಮಿ.ಮೀ. ಬಿರುಕಿನಲ್ಲಿ. ಜೆರಾಕ್ಸ್ ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಎರಡು ಹಾಳೆ ಜೋಡಿಸಿ ತೂರಿಸಿ ನೋಡಿ, ಸಲೀಸಾಗಿ ಹೋದರೆ ತಾನೇ ಮುಚ್ಚುವ ಆಸೆ ಬಿಟ್ಟು ಬಿರುಕು ತುಂಬಿಸಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೀಟು ಎಳೆದು ತಾರೀಖು ಬರೆದಿಡಿ. ಗೀಟು ದಾಟಿ ಬೆಳೆದರೆ ಎಂಜಿನಿಯರ್‌ಗೆ ತೋರಿಸಿ. ಬಿಳಿಯ ಜೊತೆ ಕೆಂಪು-ಕಂದು ಕಲೆ ಇದ್ದರಂತೂ ತಡ ಮಾಡಬೇಡಿ, ಒಳಗೆ ಸರಳು ತುಕ್ಕು ಹಿಡಿಯುತ್ತಿದೆ ಎಂದರ್ಥ. ನಿಮ್ಮದು ಎರೆನೆಲ ಬೇರೆ, ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಗೋಡೆಯಲ್ಲೂ ಓರೆ ಬಿರುಕು ಕಂಡರೆ ಮಾಳಿಗೆ ಬಿಟ್ಟು ಅಡಿಪಾಯ ನೋಡಿಸಿ, ಮಹಡಿ ಮಾತು ಆಮೇಲೆ.

ಬ್ಯಾಕ್ಟೀರಿಯಾ ಕಾಂಕ್ರೀಟು ಸುಳ್ಳೇನಲ್ಲ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹೆಂಕ್ ಯಾಂಕರ್ಸ್ ಇದನ್ನು ಬೆಳೆಸಿದವರು. ಬ್ಯಾಸಿಲಸ್ ಜಾತಿಯ ಬೀಜಕಣ, ಅದಕ್ಕೆ ಆಹಾರವಾಗಿ ಕ್ಯಾಲ್ಸಿಯಂ ಲ್ಯಾಕ್ಟೇಟ್, ಎರಡನ್ನೂ ಕಲಸುವಾಗಲೇ ಸೇರಿಸುತ್ತಾರೆ. ಬಿರುಕಿನಲ್ಲಿ ನೀರು ಇಳಿದಾಗ ಅವು ಎಚ್ಚೆತ್ತು ಲ್ಯಾಕ್ಟೇಟ್ ತಿಂದು ಸುಣ್ಣಕಲ್ಲು ಕಟ್ಟುತ್ತವೆ. ಸುರಂಗ, ನೀರಿನ ತೊಟ್ಟಿಯಂಥ ಕಡೆ ಅದಕ್ಕೆ ಬೆಲೆ ಇದೆ. ಮನೆ ಮಾಳಿಗೆಗೆ ಅಷ್ಟು ಖರ್ಚು ಯಾಕೆ?

ಆ ದುಡ್ಡು ಕ್ಯೂರಿಂಗ್‌ಗೆ, ಅಂದರೆ ಹೊಸ ಕಾಂಕ್ರೀಟನ್ನು ದಿನಗಟ್ಟಲೆ ಹಸಿಯಾಗಿ ಇಡುವುದಕ್ಕೆ, ಹಾಕಿ. ನಮ್ಮ ರಾಯಚೂರು ಬಿಸಿಲಲ್ಲಿ ಗೋಣಿತಟ್ಟು ಮಧ್ಯಾಹ್ನಕ್ಕೇ ಒಣಗುತ್ತದೆ, ಆದರೂ ಎಷ್ಟೋ ಮನೆಗಳಲ್ಲಿ ಮೂರ್ನಾಲ್ಕು ದಿನಕ್ಕೇ ನೀರು ನಿಲ್ಲಿಸುತ್ತಾರೆ. ಒಣ ಬಿಸಿಲಿನ ಜಾಗಕ್ಕೆ ಐಎಸ್ 456, ಅಂದರೆ ಕಾಂಕ್ರೀಟು ಕೆಲಸದ ಭಾರತೀಯ ಮಾನಕ, ಹೇಳುವುದು ಕನಿಷ್ಠ 10 ದಿನ. ಚೀಲದ ಮೇಲೆ ಪಿಪಿಸಿ ಎಂದಿದ್ದರೆ 14. ಪಿಪಿಸಿ ಎಂಬ ಬಗೆಯ ಸಿಮೆಂಟಿನಲ್ಲಿ ಹಾರುಬೂದಿ (ಕಲ್ಲಿದ್ದಲು ಉರಿದು ಉಳಿಯುವ ಸಣ್ಣ ಬೂದಿ) ಇರುತ್ತದೆ, ನಮ್ಮ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಬರುವಂಥದ್ದೇ. ಅದು ಆ ಸುಣ್ಣದ ಜೊತೆ ಸೇರಿ ಇನ್ನೂ ಜಾಸ್ತಿ ಅಂಟು ಮಾಡುತ್ತದೆ, ಆದರೆ ನಿಧಾನ. ಮಾಳಿಗೆ ಮೇಲೆ ಮಡಿ ಕಟ್ಟಿ ನೀರು ನಿಲ್ಲಿಸಿ. ಕಾಲುವೆಗೆ ನೀರು ಬಿಟ್ಟ ತಿಂಗಳಲ್ಲಿ ಕೆಲಸ ಇಟ್ಟುಕೊಂಡರೆ ಟ್ಯಾಂಕರ್ ಖರ್ಚೂ ಉಳಿಯುತ್ತದೆ. ಬೋರಿನ ನೀರು ಉಪ್ಪಿದ್ದರೆ ಮಾತ್ರ ಕಲಸಲೂ ಬೇಡ, ನಿಲ್ಲಿಸಲೂ ಬೇಡ, ಸರಳಿಗೆ ತುಕ್ಕು ಹಿಡಿಸುತ್ತದೆ.