ಉ: ಫ್ರೇಮ್ ಇಲ್ಲದೆ ಫೂಟರ್ ಸದಾ ಕಾಣಬೇಕು
ವೆಬ್ ಪುಟದ ಫೂಟರ್ (ಕೆಳಗಿನ ಪಟ್ಟಿ) ಫ್ರೇಮ್ (ಪುಟವನ್ನು ಬೇರೆ ಬೇರೆ ಭಾಗವಾಗಿ ಒಡೆಯುವ ಹಳೆಯ ವಿಧಾನ) ಇಲ್ಲದೆ ಸದಾ ಕಾಣುವುದು ಹೇಗೆ ಅಂತ ಕೇಳಿದ್ದೀರಿ. ಅದು ಮೊದಲು ಪರದೆಯ ಕೆಳಗೇ ಇದ್ದು, ಸ್ಕ್ರೋಲ್ ಮಾಡಿದ ತಕ್ಷಣ ಪುಟದ ಜೊತೆ ಮೇಲೆ ಹೋಗುತ್ತಿದೆ ಅಂದರೆ, ಬಹುಶಃ ಸಿಎಸ್ಎಸ್‌ನಲ್ಲಿ (ಪುಟದ ರೂಪ, ಜೋಡಣೆ ಹೇಳುವ ಭಾಷೆ) ಅದರ ಪೊಸಿಷನ್ ಆಬ್ಸೊಲ್ಯೂಟ್ (ಪುಟದ ಜೊತೆ ಸರಿಯುವಂಥದ್ದು) ಇದೆ. ಅದನ್ನು ಫಿಕ್ಸೆಡ್ (ಪರದೆಗೇ ಅಂಟಿ ನಿಲ್ಲುವಂಥದ್ದು) ಮಾಡಿ. ಬಾಟಮ್ 0, ಲೆಫ್ಟ್ 0, ವಿಡ್ತ್ 100% ಇರಲಿ. ಫ್ರೇಮ್ ಗೋಜೇ ಬೇಡ.

ಆಮೇಲೆ ಪುಟದ ಕೊನೆವರೆಗೂ ಹೋಗಿ ನೋಡಿ. ಕೊನೆಯ ಒಂದೆರಡು ಸಾಲು ಫೂಟರ್ ಹಿಂದೆ ಮುಚ್ಚಿಹೋಗಿರುತ್ತವೆ. ನಾನೂ ಎಡವಿದ್ದು ಇಲ್ಲೇ: ಫಾರ್ಮಿನ ಸಬ್ಮಿಟ್ ಬಟನ್ನೇ ಮಾಯವಾಗಿತ್ತು! ಫೂಟರ್ ಎತ್ತರ 50 ಪಿಕ್ಸೆಲ್ ಆದರೆ, ಬಾಡಿ ಟ್ಯಾಗಿಗೆ (ಪುಟದಲ್ಲಿ ಕಾಣುವುದೆಲ್ಲ ಇದರೊಳಗೆ ಇರುತ್ತದೆ) 60 ಪಿಕ್ಸೆಲ್ ಪ್ಯಾಡಿಂಗ್-ಬಾಟಮ್ (ಕೆಳಗಿನ ಖಾಲಿ ಜಾಗ) ಕೊಡಿ. ಸ್ವಲ್ಪ ಜಾಸ್ತಿ ಇದ್ದರೇ ಒಳ್ಳೆಯದು.

ಇಷ್ಟಾದರೂ ಫೂಟರ್ ನಿಲ್ಲದಿದ್ದರೆ, ಸುತ್ತಲಿನ ಯಾವುದೋ ಡಿವ್‌ಗೆ (ಪುಟದ ಭಾಗಗಳನ್ನು ಸುತ್ತುವ ಡಬ್ಬಿಯಂಥ ಟ್ಯಾಗ್) ಟ್ರಾನ್ಸ್‌ಫಾರ್ಮ್ (ಸರಿಸುವ, ತಿರುಗಿಸುವ ಸಿಎಸ್ಎಸ್ ಗುಣ) ಇರಬಹುದು. ಆಗ ಫೂಟರ್ ಪರದೆ ಬಿಟ್ಟು ಆ ಡಿವ್‌ಗೇ ಅಂಟಿಕೊಳ್ಳುತ್ತದೆ. ಫೂಟರನ್ನು ಅಲ್ಲಿಂದ ತೆಗೆದು, ಬಾಡಿ ಟ್ಯಾಗ್ ಮುಚ್ಚುವ ಸಾಲಿನ ಸ್ವಲ್ಪ ಮೇಲೆ ಹಾಕಿ.