ಕೇಬಲ್ ಸ್ಲೀವ್‌ನ ರಬ್ಬರ್ ಬದಲಿಸಿದರೆ ಪೇಟೆಂಟ್ ಸಿಗುತ್ತದೆಯೇ?

ರಬ್ಬರ್ ಒಂದನ್ನೇ ಬದಲಿಸಿದ್ದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಕೇಬಲ್ ಜಾಯಿಂಟ್‌ಗೆ ಹಾಕುವ ಕೋಲ್ಡ್ ಶ್ರಿಂಕ್ ಸ್ಲೀವನ್ನೇ ನೋಡಿ. ರಬ್ಬರ್ ಕೊಳವೆಯನ್ನು ಹಿಗ್ಗಿಸಿ, ಸುರುಳಿ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯ ಕೋರ್ (ಒಳಗಿನ ಆಧಾರ ಕೊಳವೆ) ಮೇಲೆ ಕೂರಿಸಿರುತ್ತಾರೆ. ಪಟ್ಟಿಯ ತುದಿ ಎಳೆದರೆ ಕೋರ್ ಬಿಚ್ಚಿಕೊಂಡು ಸ್ಲೀವ್ ಕೇಬಲ್ಲಿಗೆ ಬಿಗಿಯಾಗಿ ಕೂರುತ್ತದೆ, ಬೆಂಕಿಯಿಂದ ಕಾಯಿಸಬೇಕಿಲ್ಲ. ಈ ಉಪಾಯಕ್ಕೆ ಅಮೆರಿಕದಲ್ಲಿ 1970ರಲ್ಲೇ ಪೇಟೆಂಟ್ ಆಗಿದೆ.

ಪೇಟೆಂಟ್ ಪರೀಕ್ಷಕರು ಕೇಳುವುದಿಷ್ಟು: ಇಂಥ ಹಳೆಯ ದಾಖಲೆಗಳನ್ನು ಮುಂದಿಟ್ಟರೆ, ಆ ಕ್ಷೇತ್ರದ ಸಾಧಾರಣ ತಂತ್ರಜ್ಞನಿಗೆ ಇದು ತಾನಾಗಿ ಹೊಳೆಯುತ್ತಿತ್ತೇ? ಇಪಿಡಿಎಂ ಎಂಬ ಕೃತಕ ರಬ್ಬರ್ ಬದಲು ಸಿಲಿಕೋನ್ ರಬ್ಬರ್ ಹಾಕುವುದು ಹೊಳೆದೇ ಹೊಳೆಯುತ್ತದೆ.

ಆದರೆ ಬಹುಕಾಲ ಹಿಗ್ಗಿಯೇ ಇದ್ದ ರಬ್ಬರ್ ಪೂರ್ತಿ ಕುಗ್ಗುವುದಿಲ್ಲ, ಸಂದಿನಲ್ಲಿ ನೀರಿಳಿಯುತ್ತದೆ. ನಿಮ್ಮ ಮಿಶ್ರಣ ಈ ದೋಷವನ್ನು ಯಾರೂ ನಿರೀಕ್ಷಿಸದಷ್ಟು ತಗ್ಗಿಸಿದ್ದರೆ, ಹಳೆಯ ಸ್ಲೀವ್ ಜೊತೆಗಿನ ಹೋಲಿಕೆಯ ಅಂಕಿಗಳನ್ನು ಅರ್ಜಿಯಲ್ಲೇ ಕೊಡಿ. ಆಗ ವಾದಕ್ಕೆ ಬಲ ಬರುತ್ತದೆ.