ಗಂಡನ ಮನೆಯ ಮೊದಲ ಕ್ರಿಸ್‌ಮಸ್‌ಗೆ ಯಾವಾಗ ಹೋಗಬೇಕು, ಹೇಗಿರಬೇಕು?

ಮದುವೆಯಾದ ಮೇಲೆ ಇದು ಮೊದಲ ಕ್ರಿಸ್‌ಮಸ್, ಗಂಡನ ಊರು ತೀರ್ಥಹಳ್ಳಿಯ ಕಡೆ, ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿ ಇಪ್ಪತ್ತು ಜನರಾಗುತ್ತಾರೆ ಎಂದಿದ್ದೀರಿ. ಬೆಂಗಳೂರಿನಲ್ಲಿ ನಾಲ್ಕೇ ಜನರ ಮನೆಯಲ್ಲಿ ಬೆಳೆದ ನಿಮಗೆ ಅಳುಕು. 24ರ ಸಂಜೆ ಹೋಗಿ 26ಕ್ಕೆ ಹೊರಟರೆ ಸಾಕೇ, ಏನು ತೆಗೆದುಕೊಂಡು ಹೋಗಲಿ, ಅಷ್ಟು ಜನರ ನಡುವೆ ಹೇಗಿರಲಿ ಎಂದು ಕೇಳಿದ್ದೀರಿ. ನಾನು ಅಂಥದೇ ಮನೆಯ ಹಿರಿಯ ಸೊಸೆ. ನಮ್ಮದೂ ಅದೇ ಸೀಮೆ, ಕೊಂಕಣಿ ಮನೆಮಾತಿನ ಕ್ಯಾಥೊಲಿಕ್ ಕುಟುಂಬ, ಅಡಿಕೆ ತೋಟದ ಮನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ದಯವಿಟ್ಟು 24ರ ಸಂಜೆ ಹೋಗಬೇಡಿ. 21ಕ್ಕೋ 22ಕ್ಕೋ ಮನೆ ಮುಟ್ಟಿ. 24ರ ಸಂಜೆ ಬಂದವರಿಗೆ ಕಾಫಿ ಕೊಡಬೇಕು, ಕೋಣೆ ತೋರಿಸಬೇಕು, ಉಪಚಾರ ಮಾಡಬೇಕು. ಎರಡು ದಿನ ಮೊದಲೇ ಬಂದವರ ಕೈಗೆ ಲಟ್ಟಣಿಗೆ ಕೊಡುತ್ತಾರೆ. ಹೊಸ ಸೊಸೆಗೆ ಅದಕ್ಕಿಂತ ಸುಲಭವಾದ ದಾರಿ ಇಲ್ಲ. ಕೈಯಲ್ಲಿ ಕೆಲಸವಿದ್ದಾಗ ಮಾತು ತಾನಾಗಿ ಬರುತ್ತದೆ. ಸುಮ್ಮನೆ ಜಗಲಿಯಲ್ಲಿ ಕೂತು ಇಪ್ಪತ್ತು ಜನರ ಕುಶಲೋಪರಿಗೆ ಉತ್ತರ ಕೊಡುವುದೇ ಕಷ್ಟ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಅಂದರೆ ಡಿಸೆಂಬರ್ 22ರ ಟಿಕೆಟ್‌ಗೆ ಅಕ್ಟೋಬರ್ 23ಕ್ಕೇ ಎಚ್ಚರವಾಗಿರಬೇಕು. ಶಿವಮೊಗ್ಗದಲ್ಲಿ ಇಳಿದರೆ ತೀರ್ಥಹಳ್ಳಿಗೆ ಬಸ್ಸುಗಳಿಗೆ ಕೊರತೆಯಿಲ್ಲ.

ಆ ಎರಡು ದಿನ ನಡೆಯುವುದು ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ಕೆಲಸ. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ಚಕ್ಕುಲಿ. ಕಿಡಿಯೊ ಮಾಡಲು ಮಕ್ಕಳನ್ನು ಕೂರಿಸಿ. ತೆಂಗಿನ ಹಾಲು ಹಾಕಿ ಕಲಸಿದ ಮೈದಾ ಹಿಟ್ಟಿನ ಪುಟ್ಟ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೋ ಫೋರ್ಕಿನ ಬೆನ್ನ ಮೇಲೋ ಒತ್ತಿ ಸುರುಳಿ ಸುತ್ತುವುದಷ್ಟೇ. ಐದು ವರ್ಷದ ಮಗುವಿಗೂ ಬರುತ್ತದೆ. ಕೊಕ್ಕಿಸಾಂ ಮಾತ್ರ ಹಾಗಲ್ಲ. ಹೂವಿನ ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾದಿರಬೇಕು. ಕಾದ ಅಚ್ಚನ್ನು ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಅಂಚು ದಾಟಿ ಮೇಲಕ್ಕೆ ಹಿಟ್ಟು ಹತ್ತಿತೋ, ಹೂವು ಅಚ್ಚನ್ನು ಬಿಡುವುದಿಲ್ಲ. ಎಣ್ಣೆಗೆ ಇಳಿಸಿ ಒಂದು ಕ್ಷಣ ತಡೆದು ಮೆಲ್ಲಗೆ ಅಲುಗಿಸಿದರೆ ಅದು ತಾನಾಗಿ ಕಳಚಿಕೊಂಡು ತೇಲುತ್ತದೆ. ಮೊದಲ ಎರಡು ಮೂರು ಎಲ್ಲರ ಕೈಯಲ್ಲೂ ಮುರಿಯುತ್ತವೆ, ನಿಮ್ಮ ಅತ್ತೆಯ ಕೈಯಲ್ಲೂ. ಅವರ ಪಕ್ಕದಲ್ಲಿ ನಿಂತು ಕೇಳಿ ಕಲಿಯಿರಿ. ನಮ್ಮ ಅತ್ತೆ ಈ ಬಾಣಲೆಯ ಮುಂದೆ ಹೇಳಿದಷ್ಟು ಮನೆಯ ಸುದ್ದಿಯನ್ನು ಬೇರೆಲ್ಲೂ ನನಗೆ ಹೇಳಿಲ್ಲ.

ಅಕ್ಕಪಕ್ಕದ ಮನೆಗಳಿಗೆ ತಟ್ಟೆ ಕಳುಹಿಸುವ ಲೆಕ್ಕವನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ದೀಪಾವಳಿಗೆ ನಮಗೆ ಕಜ್ಜಾಯ ಕಳಿಸಿದ ಮನೆಗಳಿಗೆ ಕ್ರಿಸ್‌ಮಸ್‌ಗೆ ನಮ್ಮ ತಟ್ಟೆ ಹೋಗಲೇಬೇಕು. ಅವರಲ್ಲಿ ಸಸ್ಯಾಹಾರಿಗಳಾದ ಹವ್ಯಕರ ಮನೆಗಳೂ ಇವೆ. ಅವರಿಗೆ ಕೊಡುವ ಚಕ್ಕುಲಿ, ನೆವ್ರಿಗಳನ್ನು ಹೊಸ ಎಣ್ಣೆಯಲ್ಲಿ, ಬೇರೆ ಬಾಣಲೆಯಲ್ಲಿ ಎಲ್ಲಕ್ಕಿಂತ ಮೊದಲು ಕರಿದು ಬೇರೆ ಡಬ್ಬಿಗೆ ಹಾಕಿಡುತ್ತೇವೆ. ಮೊಟ್ಟೆ ಹಾಕಿದ ಹಿಟ್ಟು ಒಲೆಯ ಹತ್ತಿರ ಬರುವುದು ಆಮೇಲೆ. ಇದನ್ನು ಯಾರೂ ನಮಗೆ ಹೇಳಿ ಮಾಡಿಸಿದ್ದಲ್ಲ. ತಟ್ಟೆ ಕೊಟ್ಟ ಮೇಲೆ ಅವರು ಅನುಮಾನವಿಲ್ಲದೆ ತಿನ್ನಬೇಕು, ಅಷ್ಟೇ.

ಇನ್ನೊಂದು ವಿಷಯ, ಬೆಂಗಳೂರಿನವರಿಗೆ ಹೊಳೆಯದೇ ಇರಬಹುದು. ಡಿಸೆಂಬರ್ ಅಡಿಕೆ ಕೊಯ್ಲಿನ ಕಾಲ. ಹಬ್ಬವೆಂದು ತೋಟ ಕಾಯುವುದಿಲ್ಲ. ನೀವು ಹೋಗುವ ಹೊತ್ತಿಗೆ ಅಂಗಳದ ತುಂಬ ಬೇಯಿಸಿದ ಅಡಿಕೆ ಹರಡಿರುತ್ತದೆ, ಕಾರು ದೂರದಲ್ಲೇ ನಿಲ್ಲಿಸಬೇಕು. ರಾತ್ರಿ ಇಬ್ಬನಿ ಬೀಳುವುದರಿಂದ ಸಂಜೆ ಅಡಿಕೆಗೆ ಹೊದಿಕೆ ಹಾಕಬೇಕು, ಬೆಳಗ್ಗೆ ಮತ್ತೆ ಬಿಡಿಸಬೇಕು. ಸುಲಿಯಲು ಕೂರಿ ಎಂದು ನಿಮಗೆ ಯಾರೂ ಹೇಳುವುದಿಲ್ಲ, ಕುತೂಹಲಕ್ಕೆ ಕೂತರೂ ಹಬ್ಬಕ್ಕೆ ಕೈ ಕಪ್ಪಾಗುತ್ತದೆ. ಅಡಿಕೆ ಹರಡಲು, ಹೊದಿಸಲು ಮಾತ್ರ ಕೈಜೋಡಿಸಿ. ಮಾವನವರಿಗೆ ನೀವು ಏನೇ ಉಡುಗೊರೆ ತಂದರೂ ಅಷ್ಟು ಸಂತೋಷವಾಗದು.

ಸ್ನಾನದ ಸರದಿಗೆ ಸಿದ್ಧರಾಗಿರಿ. ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ತುಂಬಿ ಹಂಡೆ ಕಾಯಿಸುತ್ತಾರೆ, ಇಪ್ಪತ್ತು ಜನರಿಗೆ ಅದೇ ಹಂಡೆ. ಬೆಳಗ್ಗೆ ಬೇಗ ಎದ್ದವರಿಗೆ ಬಿಸಿನೀರು. ಆ ಬಚ್ಚಲ ಒಲೆಯ ಪಕ್ಕದಲ್ಲಿ 24ರ ರಾತ್ರಿ ಬಟ್ಟೆ ಹೊದಿಸಿದ ದೊಡ್ಡ ಪಾತ್ರೆಯೊಂದು ಕಂಡರೆ ಮುಟ್ಟಬೇಡಿ, ಅದು ಇಡ್ಲಿಯಂಥ ಸನ್ನದ ಹಿಟ್ಟು. ಮಲೆನಾಡಿನ ಚಳಿಗೆ ಅಡುಗೆಮನೆಯಲ್ಲಿಟ್ಟರೆ ಅದು ಉಬ್ಬುವುದೇ ಇಲ್ಲ.

ಈಗ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಮಾತಿಗೆ ಬರುತ್ತೇನೆ. ಇಂಥ ಮನೆಗಳಲ್ಲಿ ಹಬ್ಬದ ದಿನ ಒಬ್ಬಿಬ್ಬರು ಹೆಂಗಸರು ಬೆಳಗಿನಿಂದ ಒಲೆಯ ಮುಂದೆಯೇ ಇರುತ್ತಾರೆ. ಉಳಿದವರು ಪಂಕ್ತಿಯಲ್ಲಿ ಕೂತು ಏಳುತ್ತಾರೆ. ನಮ್ಮ ಮನೆಯಲ್ಲಿ ಬಹಳ ವರ್ಷ ಹಾಗೆಯೇ ಇತ್ತು, ಈಗ ಇಲ್ಲ. ಹಂದಿಮಾಂಸ ತರುವುದು, ಹೆಚ್ಚುವುದು, ಮಸಾಲೆ ಹಾಕಿ ಬಾಫಾತ್ ಬೇಯಿಸುವುದು ಎಲ್ಲ ಗಂಡಸರ ಕೆಲಸ. ಅದನ್ನು 24ರ ಮಧ್ಯಾಹ್ನವೇ ಮುಗಿಸಿಡುತ್ತಾರೆ. ಒಂದು ರಾತ್ರಿ ಕಳೆದರೆ ಮಸಾಲೆ ಹಿಡಿದು ರುಚಿ ಹೆಚ್ಚುತ್ತದೆ, 25ರ ಬೆಳಗ್ಗೆ ಬಿಸಿ ಮಾಡಿದರಾಯಿತು. ಪಾತ್ರೆ ತೊಳೆಯುವುದು ಮೈದುನಂದಿರ ಪಾಲು. ಹೊಸ ಸೊಸೆಯಾಗಿ ನೀವು ಮೊದಲ ವರ್ಷವೇ ಇದನ್ನೆಲ್ಲ ಹೇಳಲಾರಿರಿ, ಹೇಳುವುದೂ ಬೇಡ. ಹೇಳಬೇಕಾದವರು ನಿಮ್ಮ ಪತಿ. ಹೊರಡುವ ಮೊದಲೇ ಅವರ ಜೊತೆ ಮಾತಾಡಿ. ಮನೆಮಗನೇ ಎದ್ದು ಪಾತ್ರೆ ಎತ್ತಿದರೆ ಉಳಿದವರೂ ಏಳುತ್ತಾರೆ. ನಿಮ್ಮ ಓರಗಿತ್ತಿ, ಅತ್ತೆ ಇಬ್ಬರನ್ನೂ ಕನಿಷ್ಠ ಒಂದು ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರಿಸಿ ನೀವಿಬ್ಬರೂ ಬಡಿಸಿ. ಈ ಒಂದು ಮಾತನ್ನು ಮಾತ್ರ ಮರೆಯಬೇಡಿ.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವ ಕೆಲಸ ಮಕ್ಕಳದು. ಬಟ್ಟಲಲ್ಲಿ ಮಣ್ಣು ಹಾಕಿ ರಾಗಿ ಬಿತ್ತಿ ಪೈರು ಬರಿಸುವುದನ್ನು ಮನೆಯಲ್ಲಿರುವವರು ಮೊದಲೇ ಮಾಡಿರುತ್ತಾರೆ, ನಿಮಗೆ ಉಳಿಯುವುದು ನಕ್ಷತ್ರಕ್ಕೆ ದೀಪ ಹಾಕುವುದು. 24ರ ರಾತ್ರಿ ಚರ್ಚಿನ ಬಲಿಪೂಜೆಗೆ (ಮಾಸ್) ಶಾಲು, ಸ್ವೆಟರ್ ಎರಡೂ ಇರಲಿ. ಪೂಜೆ ಮುಗಿಸಿ ಬಂದ ಮೇಲೆ ಹಿರಿಯರಿಗೆ ನಿದ್ದೆ ಹತ್ತುವುದಿಲ್ಲ. 1988ರಲ್ಲಿ ಶಿವಮೊಗ್ಗ ಬೇರೆ ಧರ್ಮಕ್ಷೇತ್ರ, ಅಂದರೆ ತನ್ನದೇ ಬಿಷಪರಿರುವ ಪ್ರಾಂತ್ಯ, ಆಗುವ ಮೊದಲು ನಾವು ಚಿಕ್ಕಮಗಳೂರಿಗೆ ಸೇರಿದ್ದೆವು. ಆ ಕಾಲದಲ್ಲಿ ಪೂಜೆಗೆ ಹೇಗೆ ಹೋಗುತ್ತಿದ್ದರು, ಮನೆಯಲ್ಲಿ ಯಾರೆಲ್ಲ ಇದ್ದರು ಎಂದು ಕೇಳಿ. ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ನನ್ನ ಮಾವನವರ ಧ್ವನಿ ನಮ್ಮ ಬಳಿ ಹಾಗೆ ಉಳಿದಿದೆ, ಹಬ್ಬದ ದಿನ ಎಲ್ಲರೂ ಒಟ್ಟಿಗೆ ಕೂತು ಕೇಳುತ್ತೇವೆ.

26ರಂದು ಯಾರಾದರೂ ಜೋಗಕ್ಕೆ ಹೋಗೋಣ ಎನ್ನುತ್ತಾರೆ. ಆ ಹೊತ್ತಿಗೆ ನೀರು ಇಳಿದಿರುತ್ತದೆ, ದಿನವೆಲ್ಲ ಕಾರಿನಲ್ಲೇ ಕಳೆಯುತ್ತದೆ, ವಯಸ್ಸಾದವರು ಮನೆಯಲ್ಲೇ ಉಳಿಯುತ್ತಾರೆ. ಮಕ್ಕಳು ಹಠ ಹಿಡಿದರೆ ಶಿವಮೊಗ್ಗದ ದಾರಿಯಲ್ಲೇ ಸಿಗುವ ಸಕ್ರೆಬೈಲು ಆನೆ ಬಿಡಾರ ಸಾಕು, ಆದರೆ ಬೆಳಗ್ಗೆಯೇ ಹೋಗಬೇಕು. ಆನೆಗಳ ಸ್ನಾನ ಮುಗಿದ ಮೇಲೆ ನೋಡಲು ಹೆಚ್ಚೇನೂ ಇರುವುದಿಲ್ಲ. ನನ್ನನ್ನು ಕೇಳಿದರೆ 26 ಮನೆಯಲ್ಲೇ ಇರಬೇಕಾದ ದಿನ. ಹಬ್ಬದ ಗಡಿಬಿಡಿ ಮುಗಿದು ಅತ್ತೆ ಬಿಡುವಾಗಿ ಕೂರುವುದು ಅವತ್ತೇ. ಮರಳುವ ಟಿಕೆಟ್ 27ಕ್ಕೆ ಮಾಡಿಸಿ.

ಏನು ತೆಗೆದುಕೊಂಡು ಹೋಗಲಿ ಎಂದಿರಿ. ಬೇಕರಿಯ ಕೇಕ್ ಬೇಡ, ಬರುವವರೆಲ್ಲ ಅದನ್ನೇ ತಂದಿರುತ್ತಾರೆ. ನಿಮ್ಮ ತವರಿನಲ್ಲಿ ಅಮ್ಮ ಕ್ರಿಸ್‌ಮಸ್‌ಗೆ ಏನು ಮಾಡುತ್ತಾರೋ ಅದನ್ನೇ ಒಂದು ದೊಡ್ಡ ಡಬ್ಬಿ ತುಂಬ ಮಾಡಿಸಿಕೊಂಡು ಹೋಗಿ. ಡಬ್ಬಿಯ ಮೇಲೆ ಹೆಸರು ಬರೆಸಿಡಿ, ಅಷ್ಟು ಡಬ್ಬಿಗಳ ನಡುವೆ ಕಳೆದುಹೋಗುತ್ತದೆ. ಮತ್ತು ಅಮ್ಮನ ಹಬ್ಬ ನೀವಿಲ್ಲದೆ ನಡೆಯುತ್ತಿರುವುದೂ ಇದೇ ಮೊದಲು: 25ರ ಬೆಳಗ್ಗೆ ಬೇರೆ ಎಲ್ಲರಿಗಿಂತ ಮೊದಲು ಅವರಿಗೆ ಫೋನ್ ಮಾಡಿ, ಅತ್ತೆಯ ಕೈಗೂ ಕೊಡಿ.